ಸಂಘದ ಮೀಟಿಂಗ್‌ನಲ್ಲಿ ಕಷ್ಟದ ಪ್ರಶ್ನೆ ಕೇಳಿದೆ, ಎಲ್ಲರೂ ಮೌನವಾಗಿಬಿಟ್ಟರು. ಏನು ಮಾಡಲಿ?

ಎಂಬಿಕೆ_ಶಿರಾ

ಎಲ್ಲರಿಗೂ ನಮಸ್ಕಾರ. ನಾನು ಶಿರಾ ಕಡೆಯ ಒಂದು ಪಂಚಾಯಿತಿಯಲ್ಲಿ ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ) ಎಂಬಿಕೆ, ಅಂದರೆ ಲೆಕ್ಕಪುಸ್ತಕ ಬರೆಯುವವಳು. ಮೂರು ವರ್ಷದಿಂದ ಮಹಿಳಾ ಸಂಘಗಳ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ಒಂದು ಸಂಘ, 14 ಜನ. ಒಂದು ವಾರವೂ ಉಳಿತಾಯ ತಪ್ಪಿಸಿದವರಲ್ಲ, ನಡಾವಳಿ ಪುಸ್ತಕ ಅಚ್ಚುಕಟ್ಟು. ಆದರೆ ಎರಡು ತಿಂಗಳಿಂದ ಆಂತರಿಕ ಸಾಲ (ಸಂಘದ ದುಡ್ಡಿನಿಂದಲೇ ಕೊಡುವ ಸಾಲ) ಕೇಳುವವರು ಜಾಸ್ತಿ ಆಗಿದ್ದಾರೆ. ಕಾರಣ ಕೇಳಿದರೆ ಎಲ್ಲರದ್ದೂ "ಮನೆ ಖರ್ಚು". ಅದು ಮಂಗಳವಾರದ ಮೈಕ್ರೋ ಫೈನಾನ್ಸ್ ಕಂತಿಗೆ ಅಂತ ಊರಿಗೇ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ.

ಹೋದ ವಾರ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಹೊರಗಡೆ ಯಾರ್ಯಾರು ಎಷ್ಟೆಷ್ಟು ಕಡೆ ಸಾಲ ಮಾಡಿದ್ದೀರಾ? ಆ ದುಡ್ಡು ನಿಮ್ಮ ಕೈಯಲ್ಲಿ ನಿಂತಿತಾ, ಯಜಮಾನರ ಕೈಗೆ ಹೋಯಿತಾ?" ಒಬ್ಬರು ಚಾಪೆಯ ಕಡ್ಡಿ ಕೀಳುತ್ತಾ ಕೂತರು. ಇಬ್ಬರು ಹಾಲು ಕರೆಯೋ ಹೊತ್ತಾಯ್ತು ಅಂತ ಎದ್ದು ಹೋದರು, ಆಗಿನ್ನೂ ಮೂರೂವರೆ. ಈ ವಾರ ಬಂದಿದ್ದು ಒಂಬತ್ತೇ ಜನ. ನಾನು ಸುಮ್ನೆ ಲೆಕ್ಕ ಬರೆದುಕೊಂಡು ಇರಬೇಕಿತ್ತಾ? ಹಾಗಿರೋಕೂ ಮನಸ್ಸು ಒಪ್ಪುತ್ತಿಲ್ಲ.

ನಿವೃತ್ತ_ಫೀಲ್ಡ್_ಆಫೀಸರ್

ತಂಗಿ, ಕೇಳಿದ್ದು ತಪ್ಪಲ್ಲ. ನಬಾರ್ಡ್ (ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದಾಗ ನಾನು ಬ್ಯಾಂಕಿನಲ್ಲಿ ಹೊಸಬ. ಆಮೇಲೆ ಎಷ್ಟೋ ಸಂಘ ನೋಡಿದೆ. ಮೀಟಿಂಗ್ ಸರಿಯಾಗಿ ಆಗುತ್ತಾ, ಕಂತು ಬರುತ್ತಾ, ಪುಸ್ತಕ ಸರಿ ಇದೆಯಾ, ಇಷ್ಟೇ ಕೇಳುತ್ತಿದ್ದೆವು. ನೂರಕ್ಕೆ ನೂರು ಮರುಪಾವತಿ ಅಂದರೆ ನಮಗೆ ಖುಷಿ. ಆ ಕಂತಿನ ದುಡ್ಡು ಎಲ್ಲಿಂದ ಬಂತು ಅಂತ ನಾನು ಒಂದು ದಿನವೂ ಕೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಆದರೆ ನೀವು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದು ಲೆಕ್ಕದ್ದು. ಎರಡನೆಯದು ಮನೆಯೊಳಗಿನದ್ದು. ಪಕ್ಕದಲ್ಲಿ ನಾದಿನಿಯೋ ಓರಗಿತ್ತಿಯೋ ಕೂತಿದ್ದರೆ ಗಂಡನ ವಿಷಯ ಯಾರು ಬಾಯಿಬಿಡುತ್ತಾರೆ? ಆ ಚಾಪೆ ಮೇಲೆ ಯಾರ ಪಕ್ಕ ಯಾರು ಕೂತಿದ್ದರು, ಒಮ್ಮೆ ನೆನಪು ಮಾಡಿಕೊಳ್ಳಿ.

ಹಾವೇರಿ_ಅಕ್ಕ

ನಮ್ಮಲ್ಲೂ ಹಿಂಗೇ ಆಗಿತ್ತು. ನಾವು ಮಾಡಿದ್ದು ಹೇಳುತ್ತೇನೆ. ಹುಣಸೆ ಬೀಜ ತಗೊಳ್ಳಿ, ಒಬ್ಬೊಬ್ಬರಿಗೆ ಹತ್ತು. ಹೊರಗಡೆ ಎಷ್ಟು ಸಾಲ ಇದೆಯೋ ಅಷ್ಟು ಬೀಜ ಒಂದು ಚೀಲಕ್ಕೆ, ಉಳಿದದ್ದು ಇನ್ನೊಂದು ಚೀಲಕ್ಕೆ. ಕೈಯಲ್ಲಿ ಉಳಿದದ್ದು ಕಂಡರೂ ಗುಟ್ಟು ರಟ್ಟಾಗುತ್ತೆ, ಅದಕ್ಕೆ ಎರಡು ಚೀಲ. ಬಟ್ಟೆ ಚೀಲವೇ ಆಗಬೇಕು. ನಾವು ಮೊದಲು ಸ್ಟೀಲ್ ಡಬ್ಬಿ ಇಟ್ಟಿದ್ವಿ, ಬೀಜ ಬಿದ್ದ ಸದ್ದನ್ನೇ ಎಣಿಸೋಕೆ ಶುರು ಮಾಡಿದರು! ಆಮೇಲೆ ಎಲ್ಲರ ಎದುರು ಸುರಿದು ಎಣಿಸಿ. ಯಾರದ್ದು ಎಷ್ಟು ಅಂತ ಗೊತ್ತಾಗಲ್ಲ, ಆದರೆ ರಾಶಿ ಎಲ್ಲರ ಕಣ್ಣಿಗೂ ಬೀಳುತ್ತೆ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮಗೂ ಸಾಲ ಇದ್ದರೆ ಮೊದಲು ನೀವೇ ಹೇಳಿ. ನೀವು ಪೆನ್ನು ಹಿಡಿದು ಕೇಳಿದರೆ ಅವರಿಗೆ ಅದು ವಿಚಾರಣೆ ಥರ ಕಾಣುತ್ತೆ.

ಸದಸ್ಯೆಯ_ಮಗ

ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ. ನಮ್ಮ ಅಮ್ಮನಿಗೆ ನಾಲ್ಕು ಕಡೆ ಸಾಲ ಇತ್ತು. ಸಂಘದಲ್ಲಿ ಎಲ್ಲರೆದುರು ಕೇಳಿದರು, ಅಮ್ಮ ಹೇಳಿಕೊಂಡು ಅತ್ತರು. ಕೇಳಿದವರು ಬರೆದುಕೊಂಡು ಹೋದರು, ಅಷ್ಟೇ. ಅಮ್ಮ ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ. ಕೇಳುವ ಮೊದಲು, ಅವರು ಉತ್ತರ ಕೊಟ್ಟ ಮೇಲೆ ನೀವೇನು ಮಾಡುತ್ತೀರಿ ಅನ್ನೋದು ನಿಮಗೆ ಗೊತ್ತಿರಬೇಕು.

ಕೆಲವು ವಿಷಯ ತಿಳಿದುಕೊಂಡು ಹೋಗಿ. ಆರ್‌ಬಿಐ 2022ರ ನಿಯಮದ ಪ್ರಕಾರ ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು, ಅದನ್ನು ನೋಡಿಯೇ ಸಾಲ ಕೊಡಬೇಕು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವ ಹಾಗಿಲ್ಲ. ಬೈಯುವ, ಬೆದರಿಸುವ ಹಾಗಿಲ್ಲ. ಆರ್‌ಬಿಐ ನೋಂದಣಿ ಇಲ್ಲದೆ ಸಾಲ ಕೊಟ್ಟು ಕಿರುಕುಳ ಕೊಡುವವರ ಮೇಲೆ 2025ರಲ್ಲಿ ನಮ್ಮ ರಾಜ್ಯದಲ್ಲೇ ಕಾನೂನು ಬಂದಿದೆ, ಪೊಲೀಸರಿಗೆ ದೂರು ಕೊಡಬಹುದು. ಅಮ್ಮನಿಗೆ ಇದನ್ನು ಹೇಳುವವರು ಆಗ ಯಾರೂ ಇರಲಿಲ್ಲ.

ಎಂಬಿಕೆ_ಶಿರಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮೀಟಿಂಗ್ ಆಯ್ತು. ಮೊದಲೇ ಮನೆಮನೆಗೆ ಹೋಗಿ ಕರೆದಿದ್ದೆ, ಹನ್ನೊಂದು ಜನ ಬಂದರು. ಅವತ್ತು ಕೇಳಿದ ರೀತಿ ಸರಿ ಇರಲಿಲ್ಲ ಅಂತ ಒಪ್ಪಿಕೊಂಡೆ. ನನಗೂ ಎರಡು ಕಡೆ ಸಾಲ ಇದೆ, ಒಂದು ತಮ್ಮನ ಮದುವೆಗೆ ಮಾಡಿದ್ದು ಅಂತ ಹೇಳಿ ಎರಡು ಬೀಜ ಎಲ್ಲರಿಗೂ ಕಾಣುವ ಹಾಗೆ ಹಾಕಿದೆ. ಚೀಲ ಸುತ್ತು ಬಂತು. ಸುರಿದು ಎಣಿಸಿದರೆ 34. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ವಯಸ್ಸಾದ ಒಬ್ಬರು "ನಂದೊಂದೇ ಮನೆ ಹಿಂಗೆ ಅಂದ್ಕೊಂಡಿದ್ದೆ ಕಣಮ್ಮ" ಅಂದರು. ಅಲ್ಲಿಂದ ಮಾತು ಶುರುವಾಯ್ತು, ಐದೂವರೆವರೆಗೂ ನಡೆಯಿತು. ರಾತ್ರಿ ಎಂಟಕ್ಕೆ ಬಂದು ಬಾಗಿಲು ತಟ್ಟುತ್ತಾರೆ ಅಂತ ಮೂವರು ಹೇಳಿದರು. ಅಮ್ಮನ ವಿಷಯ ಬರೆದ ಸರ್, ನೀವು ಹೇಳಿದ ನಿಯಮಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಗನವಾಡಿ ಗೋಡೆಗೆ ಅಂಟಿಸಿದ್ದೇವೆ.

ಎರಡನೇ ಪ್ರಶ್ನೆ ಎತ್ತಲಿಲ್ಲ. ಆದರೆ ಚಾಪೆ ಮಡಚುವಾಗ ಒಬ್ಬಳು ಹಿಂದೆ ಉಳಿದಳು. "ಅಕ್ಕಾ, ಅವತ್ತು ಇನ್ನೊಂದು ಕೇಳಿದ್ರಲ್ಲ, ಅದನ್ನ ಇಲ್ಲಿ ಕೇಳಬೇಡಿ. ನಮ್ಮ ಓರಗಿತ್ತಿ ಇದೇ ಸಂಘದಲ್ಲಿದ್ದಾರೆ. ಮನೆಗೆ ಬನ್ನಿ, ಹೇಳ್ತೀನಿ" ಅಂದಳು. ಸಂತೆ ದಿನ ಅವಳು ಒಬ್ಬಳೇ ಇರುತ್ತಾಳಂತೆ. ಅವತ್ತು ಹೋಗುತ್ತೇನೆ, ಪುಸ್ತಕ ತಗೊಂಡು ಹೋಗಲ್ಲ.