ಅಪ್‌ಡೇಟ್: ಹಳೇ ಸ್ನೋಮೊಬೈಲ್ ಕೊನೆಗೂ ಹೊರಟಿತು

ಕೆನಡಾದ ಒಂಟಾರಿಯೊದ ನಮ್ಮನೆ ಶೆಡ್ಡಿನಲ್ಲಿರುವ 70ರ ದಶಕದ ಸ್ನೋಮೊಬೈಲಿನ (ಹಿಮದ ಮೇಲೆ ಓಡೋ ಗಾಡಿ) ಎಂಜಿನ್ ಜೋರಾಗಿ ಕೂಗುತ್ತೆ, ಗಾಡಿ ಮಾತ್ರ ಹಿಮದಲ್ಲಿ ಕದಲಲ್ಲ, ಏನು ಮಾಡಲಿ ಅಂತ ಕಳೆದ ತಿಂಗಳು ಕೇಳಿದ್ದೆ. ಎಂಜಿನ್ ಬಲವನ್ನು ಗಾಡಿಗೆ ದಾಟಿಸೋ ಬೆಲ್ಟ್ ಬಿಚ್ಚಿ ನೋಡಿ ಅಂದವರಿಗೆ ದೊಡ್ಡ ನಮಸ್ಕಾರ.

ಬೆಲ್ಟಿನ ಎರಡೂ ಅಂಚು ಗಾಜಿನ ಹಾಗೆ ಹೊಳೀತಿತ್ತು, ಅಗಲವೂ ಸವೆದಿತ್ತು. ಈ ಗಾಡಿಯಲ್ಲಿ ಗೇರ್ ಬದಲಿಸೋದು ಅಂತಿಲ್ಲ. ಎಂಜಿನ್ ವೇಗ ಏರಿದಂತೆ ಮುಂದಿನ ಕ್ಲಚ್ಚಿನ ತೂಕಗಳು ಹೊರಕ್ಕೆ ಚಿಮ್ಮಿ ಎರಡು ತಟ್ಟೆಗಳನ್ನು ಹತ್ತಿರ ತರುತ್ತವೆ, ಆಗಲೇ ಬೆಲ್ಟ್ ಹಿಡಿತಕ್ಕೆ ಸಿಗೋದು. ನಮ್ಮದರಲ್ಲಿ ಆ ತೂಕಗಳೂ ತುಕ್ಕು ಹಿಡಿದು ಅಂಟಿಕೊಂಡಿದ್ದವು. ತಿಕ್ಕಿ, ತೊಳೆದು, ಒಣಗಿಸಿದೆ. ತಟ್ಟೆಗೆ ಎಣ್ಣೆ ಮಾತ್ರ ತಾಗಿಸಲಿಲ್ಲ. ತಾಗಿದರೆ ಹೊಸ ಬೆಲ್ಟೂ ಜಾರುತ್ತೆ.

ಕಾರ್ಬ್ಯುರೇಟರಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಗಡುಸಾಗಿತ್ತು, ಬದಲಾಯಿಸಿದೆ. ಆಮೇಲೆ ಹಿಂಭಾಗ ಎತ್ತಿ ನಿಲ್ಲಿಸಿ ಟ್ರ್ಯಾಕ್ (ಗಾಡಿಯನ್ನು ಹಿಮದ ಮೇಲೆ ಮುಂದೆ ದೂಡೋ ಅಗಲ ರಬ್ಬರ್ ಪಟ್ಟಿ) ನಿಧಾನಕ್ಕೆ ತಿರುಗಿಸಿದರೆ ಎಡಕ್ಕೆ ಸರಿದು ಉಜ್ಜುತ್ತಿತ್ತು. ಟ್ರ್ಯಾಕ್ ಬಿಗಿಮಾಡೋ ಎಡಗಡೆಯ ಬೋಲ್ಟ್ ಕಾಲು ಸುತ್ತು ಬಿಗಿದೆ, ನೇರವಾಯಿತು.

1959ರಲ್ಲಿ ಕ್ವಿಬೆಕ್‌ನ ವಾಲ್ಕೂರ್‌ನಲ್ಲಿ ಬೊಂಬಾರ್ಡಿಯೇ ಅನ್ನೋ ಸಂಶೋಧಕ ಸ್ಕೀ-ಡೂ ಸ್ನೋಮೊಬೈಲ್ ಹೊರತಂದಾಗಲೂ ಅಗಲ ರಬ್ಬರ್ ಪಟ್ಟಿಯ ಮೇಲೆ ಭಾರ ಹರಡಿ ಹಿಮದಲ್ಲಿ ಹೂತುಹೋಗದೆ ಸಾಗುವ ಈ ಉಪಾಯವೇ ಇತ್ತು ಅಂತ ನೆನೆದರೆ ನನಗೆ ರೋಮಾಂಚನ.

ನಿನ್ನೆ ಬೆಳಿಗ್ಗೆ ಮೈನಸ್ 14ರ ಚಳಿ. ಮೂರನೇ ಸಲ ಹಗ್ಗ ಎಳೆದಾಗ ಸ್ಟಾರ್ಟ್ ಆಯಿತು. ಮಗಳನ್ನು ಹಿಂದೆ ಕೂರಿಸಿಕೊಂಡು ಬೇಲಿಯವರೆಗೂ ಹೋಗಿ ಬಂದೆ.