ಮಾಲೀಕರ ರಜೆಯ ಆಟೋ ರಿಪ್ಲೈ ಗುರುತಿಲ್ಲದವರಿಗೂ ಹೋಗ್ತಿದೆ

ಗಂಗಾವತಿ_ಅಕೌಂಟ್ಸ್:
ರೈಸ್ ಮಿಲ್ ಆಫೀಸು, ಕಂಪನಿ ಹೆಸರಿನ ಜಿಮೇಲ್. ಮಾಲೀಕರ ಮೇಲ್‌ಗೆ ಹಾಕಿರೋದು ಇದು: "18ರಿಂದ 24ರ ತನಕ ತಿರುಪತಿಯಲ್ಲಿರ್ತೀನಿ, ಫೋನ್ ಸಿಗಲ್ಲ. ಭತ್ತದ ಪೇಮೆಂಟ್ ಏನಿದ್ರೂ ಅಕೌಂಟೆಂಟ್ ನಂಬರಿಗೆ ಮಾತಾಡಿ." ಸೆಂಟ್ ಬಾಕ್ಸ್‌ನಲ್ಲಿ ಯಾರ್ಯಾರೋ ವಿಳಾಸ ಕಾಣ್ತಾವ. ತೊಂದರೆ ಐತೇನ್ರಿ? ಟೆಸ್ಟ್ ಮಾಡಿದ್ರೆ ಎರಡನೇ ಸಲ ರಿಪ್ಲೈ ಬರ್ತಿಲ್ಲ, ಅದೂ ಒಂದು.

ರಾಯಚೂರು_ನೆಟ್‌ವರ್ಕ್:
ಎರಡನೇದು ದೋಷ ಅಲ್ರಿ. ಒಬ್ಬರಿಗೆ ಒಮ್ಮೆ ಹೋದ್ರೆ 4 ದಿನ ಮತ್ತೆ ಹೋಗಲ್ಲ. ಬೇರೆ ಐಡಿಯಿಂದ ನೋಡ್ರಿ.

ಮೊದಲನೇದು ಮಾತ್ರ ಈಗಲೇ ತೆಗೀರಿ. ವಂಚಕನಿಗೆ ಬೇಕಾದ್ದೆಲ್ಲ ಆ ಎರಡು ಸಾಲಿನಲ್ಲೇ ಐತಿ: ಸಾಹೇಬ್ರು ಊರಲ್ಲಿಲ್ಲ, ಫೋನ್ ಮಾಡಿ ಕೇಳೋಕಾಗಲ್ಲ, ದುಡ್ಡು ಯಾರ ಕೈಯಲ್ಲಿದೆ, ಅವರ ನಂಬರ್ ಯಾವುದು. 20ನೇ ತಾರೀಕು ಮಾಲೀಕರ ಹೆಸರಲ್ಲೇ "ವ್ಯಾಪಾರಿಯ ಬ್ಯಾಂಕ್ ಖಾತೆ ಬದಲಾಗಿದೆ, ಇವತ್ತೇ ಹಾಕು" ಅಂತ ಮೇಲ್ ಬಂದ್ರೆ ಯಾರಿಗೆ ಅನುಮಾನ ಬರುತ್ತೆ? ವಿಳಾಸದಲ್ಲಿ 'ಮಿಲ್' ಅನ್ನೋದರ ಎಂ ತೆಗೆದು ಆರ್, ಎನ್ ಜೋಡಿಸಿರ್ತಾರೆ, ಸಣ್ಣಕ್ಷರದಲ್ಲಿ ಎರಡೂ ಒಂದೇ ಥರ ಕಾಣ್ತಾವ. ಮೊಬೈಲ್‌ನಲ್ಲಂತೂ ಬರೀ ಹೆಸರು ಕಾಣೋದು, ಅದನ್ನ ಒತ್ತಿದ್ರೇನೇ ವಿಳಾಸ.

ಕಂಪ್ಯೂಟರ್‌ನಲ್ಲಿ: ಸೆಟ್ಟಿಂಗ್ಸ್, ಸೀ ಆಲ್ ಸೆಟ್ಟಿಂಗ್ಸ್, ಜನರಲ್, ತಳದಲ್ಲಿ ವೆಕೇಶನ್ ರೆಸ್ಪಾಂಡರ್. 'ಕಾಂಟ್ಯಾಕ್ಟ್ಸ್‌ಗೆ ಮಾತ್ರ' ಟಿಕ್ ಮಾಡಿ ಸೇವ್ ಒತ್ರಿ. 'ಸಂಸ್ಥೆಯವರಿಗೆ ಮಾತ್ರ' ಅನ್ನೋದನ್ನೂ ಟಿಕ್ ಮಾಡಿದ್ರೆ ಎರಡೂ ಕಡೆ ಇರೋರಿಗಷ್ಟೇ ಹೋಗುತ್ತೆ, ಹುಷಾರು.

ಬಳ್ಳಾರಿ_ಜೀನ್ಸ್_ಯೂನಿಟ್:
ಹಂಗ್ ಮಾಡಿದ್ರೆ ಹೊಸ ಗಿರಾಕಿಗೆ ಉತ್ತರ ಹೋಗಲ್ಲಲ್ರಿ ಸರ್? ನಮ್ಮದು ಔಟ್‌ಲುಕ್.

ರಾಯಚೂರು_ನೆಟ್‌ವರ್ಕ್:
ಕಂಪನಿ ಖಾತೆಯ ಔಟ್‌ಲುಕ್ ಆದ್ರೆ ಒಳಗಿನವರಿಗೊಂದು, ಹೊರಗಿನವರಿಗೊಂದು ಬೇರೆ ಬೇರೆ ಬರೀಬಹುದು. ಜಿಮೇಲ್‌ನಲ್ಲಿ ಒಂದೇ. ಹೊರಗಿನವರಿಗೆ ಇಷ್ಟು ಸಾಕು: "ನಿಮ್ಮ ಮೇಲ್ ತಲುಪಿದೆ, ಉತ್ತರ ತಡವಾಗಬಹುದು. ಆರ್ಡರ್‌ಗೆ ಆಫೀಸಿನ ಸಾಮಾನ್ಯ ವಿಳಾಸಕ್ಕೆ ಬರೆಯಿರಿ." ತಾರೀಕು, ಊರು, ಹೆಸರು ಬೇಡ. ಮೇಲ್ ಕೆಳಗೆ ತಾನಾಗೇ ಅಂಟೋ ಸಿಗ್ನೇಚರ್‌ನಲ್ಲಿ ಮೊಬೈಲ್ ನಂಬರ್ ಇದ್ರೆ ಅದನ್ನೂ ನೋಡ್ಕೊಳ್ರಿ, ಬಹಳ ಮಂದಿ ಅಲ್ಲೇ ಮರೀತಾರ.

ಗಂಗಾವತಿ_ಅಕೌಂಟ್ಸ್:
ಬದಲಾಯಿಸಿದೆ. ಈಗಾಗಲೇ ಹೋಗಿರೋದಕ್ಕೆ?

ರಾಯಚೂರು_ನೆಟ್‌ವರ್ಕ್:
ವಾಪಸ್ ಬರಲ್ಲ. 24ರ ತನಕ ಖಾತೆ ಬದಲಿಸೋ ಮೇಲ್ ಬಂದ್ರೆ ಹಳೇ ಬಿಲ್ ಮೇಲಿರೋ ನಂಬರಿಗೆ ಫೋನ್ ಮಾಡ್ರಿ, ಮೇಲ್‌ನಲ್ಲಿ ಕೊಟ್ಟಿರೋದಕ್ಕಲ್ಲ. ದುಡ್ಡು ಹೋಗೇಬಿಟ್ಟಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930 ಮತ್ತು ನಿಮ್ಮ ಬ್ಯಾಂಕು. ಯುಟಿಆರ್ ನಂಬರ್ (ದುಡ್ಡು ಕಳಿಸಿದ್ದಕ್ಕೆ ಬ್ಯಾಂಕ್ ಕೊಡೋ ಗುರುತಿನ ಸಂಖ್ಯೆ) ಕೈಯಲ್ಲಿಟ್ಕೊಂಡು ಫೋನ್ ಮಾಡ್ರಿ.