ಸೀತೆಯ ದಂಡೆ, ನರಿಯ ಬಾಲ

ಜೂನ್ ಮೊದಲ ವಾರದ ಮಳೆ. ಸುಬ್ರಾಯನ ಮನೆಯ ಜಗಲಿಯಲ್ಲಿ ನಾವು ನಾಲ್ವರು, ನಡುವೆ ಕವಳದ ತಟ್ಟೆ. ಎದುರಿನ ಹಲಸಿನ ಮರದಿಂದ ಸೀತಾಳೆ ದಂಡೆ ಎಂಬ ಆರ್ಕಿಡ್ ಇಳಿಬಿದ್ದಿತ್ತು.

"ಆ ಬಂದಳಿಕೆಯನ್ನು ಕೆರೆದು ಹಾಕು ಮಾರಾಯ, ಮರದ ರಸ ಹೀರುತ್ತದೆ" ಎಂದ ಗಣಪತಿ. ಮರದ ಮೇಲೆ ಮಂಗವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅವನಿಗೆ ಬಂದಳಿಕೆಯೇ.

ಸುಬ್ರಾಯನಿಗೆ ರೇಗಿತು. "ಬಂದಳಿಕೆ ಕೊಂಬೆಯ ಒಳಗೇ ಬೇರಿಳಿಸುತ್ತದೆ. ಇದು ತೊಗಟೆಯನ್ನು ಅಪ್ಪಿ ಹಿಡಿದಿದೆ, ಅಷ್ಟೇ. ಬಾ, ತೋರಿಸುತ್ತೇನೆ."

ಕೊಡೆ ಹಿಡಿದು ಹೋದೆವು. ಬೇಸಿಗೆಯಲ್ಲಿ ಬೂದಿ ಬಣ್ಣಕ್ಕಿದ್ದ ದಪ್ಪ ಬೇರುಗಳು ಈಗ ಹಸಿರಾಗಿದ್ದವು. ಹೊರಗಿನ ಸ್ಪಂಜಿನಂಥ ಪದರ ಮಳೆನೀರನ್ನು ಕುಡಿದಿತ್ತು. ಗೇಣುದ್ದದ ಗೊಂಚಲಿನ ತುಂಬ ಬಿಳಿ ಹೂ. ಪ್ರತಿಯೊಂದರ ಮೇಲೂ ನೇರಳೆ ಚುಕ್ಕೆ, ನೇರಳೆ ಹಣ್ಣು ತಿನ್ನುತ್ತಿದ್ದ ಹುಡುಗ ಸೀನಿದಂತೆ.

"ಬೀಜ ಬಿತ್ತಿದರೆ ಬರುತ್ತದೆಯೇ?" ಎಂದೆ.

"ಬೀಜ ನಿಮ್ಮಜ್ಜನ ನಶ್ಯಕ್ಕಿಂತ ನಯ. ಅದರೊಳಗೆ ಬುತ್ತಿಯೇ ಇಲ್ಲ. ಬೂಷ್ಟಿನ ಜಾತಿಯದೊಂದು ಉಣಿಸಿದರಷ್ಟೇ ಕಾಡಿನಲ್ಲಿ ಮೊಳಕೆ."

"ನೋಡಿದೆಯಾ! ಕೊನೆಗೂ ಇನ್ನೊಬ್ಬರ ಅನ್ನವೇ" ಎಂದ ಗಣಪತಿ. ಸೋತ ವಾದವನ್ನು ಗೆದ್ದ ದನಿಯಲ್ಲಿ ಮುಗಿಸುವ ಕಲೆ ಅವನಿಗೆ ಸಿದ್ಧಿಸಿದೆ.

ಜಗಲಿಗೆ ಮರಳಿದಾಗ ಮೇಷ್ಟರು ಕವಳ ಉಗಿದು ಬಂದು ಬಾಯಿ ತೆರೆದರು. ವನವಾಸದಲ್ಲಿ ಸೀತೆ ಮುಡಿದ ಹೂವಂತೆ ಇದು. ಅಸ್ಸಾಮಿಗೆ ರಾಜ್ಯದ ಹೂ. ಬಿಹು ಕುಣಿಯುವ ಹುಡುಗಿಯರು ತುರುಬಿಗೆ ಸುತ್ತಿಕೊಳ್ಳುತ್ತಾರೆ. ಮಲಬಾರಿನ ಗಿಡಮರಗಳ ಬಗ್ಗೆ ಡಚ್ಚರು ತಂದ 'ಹೊರ್ಟಸ್ ಮಲಬಾರಿಕಸ್' ಗ್ರಂಥದ 12ನೆಯ ಸಂಪುಟದಲ್ಲಿ, 1693ರಷ್ಟು ಹಿಂದೆಯೇ, ಅಂಜಿಲಿ ಮರವಾರ ಎಂಬ ಹೆಸರಿನಲ್ಲಿ ಇದರ ಚಿತ್ರವಿದೆ. ಅಂಜಿಲಿಯೆಂದರೆ ನಮ್ಮ ಹೆಬ್ಬಲಸು.

"ಅಂದರೆ ಆಗಲೂ ಹಲಸಿನ ಬಳಗವನ್ನೇ ಹತ್ತಿ ಕುಳಿತಿತ್ತು!" ಗಣಪತಿ ಬಿಡಲಿಲ್ಲ. "ಇಂಗ್ಲಿಷಿನವರು ಏನೆನ್ನುತ್ತಾರೆ?"

"ಫಾಕ್ಸ್‌ಟೇಲ್. ನರಿಬಾಲ."

ಸೀತೆಯ ಮುಡಿಯಿಂದ ನರಿಯ ಹಿಂಭಾಗಕ್ಕೆ ಇಳಿದ ಹೂವಿನ ಗತಿಗೆ ನಾವು ಮರುಗುತ್ತಿರುವಾಗಲೇ ಸುಬ್ರಾಯನ ಹೆಂಡತಿ ಹಲಸಿನ ಹಪ್ಪಳದ ತಟ್ಟೆ ಹಿಡಿದು ಬಂದರು. ಬೆಳಗಿನ ಗಾಳಿಗೆ ಉದುರಿದ ದಂಡೆಯೊಂದು ಅವರ ತುರುಬಿನಲ್ಲಿತ್ತು.

ಗಣಪತಿ ಮೆಚ್ಚುಗೆಯಿಂದಲೇ ಹೇಳಿದ: "ಅತ್ತಿಗೆ, ನರಿಬಾಲ ನಿಮಗೆ ಬಹಳ ಚೆನ್ನಾಗಿ ಒಪ್ಪುತ್ತದೆ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಾಫಿ ಬಂತು. ಮೂರು ಲೋಟ.